ಹುಟ್ಟಿದ್ದೆಷ್ಟು, ಉಳಿದಿದ್ದೆಷ್ಟು

ಜನರ ಲೆಕ್ಕ ಬರೆಯಲು ಖಾನೇಸುಮಾರಿಯ ಮೇಷ್ಟ್ರು ಶ್ರೀನಿವಾಸಪುರದ ನಮ್ಮ ಮನೆಗೆ ಬಂದ ದಿನ ನಾನೂ ಬಸುರಿ, ನಮ್ಮಮ್ಮನೂ ಬಸುರಿ. ಎರಡನೇ ಮಹಾಯುದ್ಧ ಶುರುವಾಗಿ ಒಂದೂವರೆ ವರ್ಷವಾಗಿತ್ತು. ನನಗೆ ಹದಿನೆಂಟು ವರ್ಷ, ಚೊಚ್ಚಲು, ಏಳು ತಿಂಗಳು ತುಂಬಿತ್ತು. ಮಾಲೂರಿನ ಅತ್ತೆಮನೆಯಲ್ಲಿ ಸೀಮಂತ ಮುಗಿಸಿಕೊಂಡು ಹೆರಿಗೆಗೆಂದು ತೌರಿಗೆ ಬಂದಿದ್ದೆ. ಬಸ್ಸಿಳಿದು ಮನೆಯೊಳಗೆ ಕಾಲಿಟ್ಟಾಗಲೇ ನಾನು ಅಮ್ಮನ ಹೊಟ್ಟೆ ನೋಡಿದ್ದು. ಯಾರೂ ಕಾಗದದಲ್ಲಿ ಬರೆದಿರಲಿಲ್ಲ. ಅಮ್ಮ ಸೆರಗನ್ನು ಎರಡು ಸುತ್ತು ಬಳಸಿಕೊಂಡು ನಡುಮನೆಯಲ್ಲಿ ನಿಂತಿದ್ದಳು. ನಮಸ್ಕಾರ ಮಾಡಲು ಬಗ್ಗಿದರೆ ತೋಳು ಹಿಡಿದು ಎತ್ತಿ, "ಹೊಟ್ಟೆ ಇಟ್ಕೊಂಡು ಬಗ್ಗಬೇಡ ಕಣೇ" ಎಂದಳು. ಆಮೇಲೆ ನನ್ನ ಮುಖ ನೋಡಲಾರದೆ ಅಡಿಗೆಮನೆಗೆ ಹೋಗಿಬಿಟ್ಟಳು.

ಅವಳ ನಾಚಿಕೆ ಎಷ್ಟಿತ್ತೆಂದರೆ, ಆರು ತಿಂಗಳ ಬಸುರಿಯಾಗಿದ್ದೂ ಬೀದಿಯ ಕೊಳಾಯಿಗೆ ಹೋಗುವುದನ್ನು ಬಿಟ್ಟು ಹಿತ್ತಲ ಬಾವಿಯ ಉಪ್ಪುನೀರಿನಲ್ಲೇ ಎಲ್ಲ ನಡೆಸುತ್ತಿದ್ದಳು. ಮಗಳು ಹೆರಿಗೆಗೆ ಬರುವ ಹೊತ್ತಿಗೆ ತಾನೂ ಹೊಟ್ಟೆ ಹೊತ್ತಿದ್ದಾಳೆಂದು ಊರಿನವರು ನಗುತ್ತಾರೆ ಎಂದು ಅವಳಿಗೆ. ಯಾರೂ ನಕ್ಕಿದ್ದನ್ನು ನಾನು ಕೇಳಲಿಲ್ಲ. ನಮ್ಮ ಬೀದಿಯಲ್ಲೇ ಇನ್ನೆರಡು ಮನೆಗಳಲ್ಲಿ ಅದೇ ಕಥೆಯಿತ್ತು.

ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಆ ದಿನಗಳಲ್ಲಿ ಅವರಿಗೆ ಖಾನೇಸುಮಾರಿಯದೇ ಕೆಲಸ. ಹಳ್ಳಿಹಳ್ಳಿಯಿಂದ ಬರುವ ಪಟ್ಟಿಗಳನ್ನು ತಾಳೆ ನೋಡಿ ಕೂಡಿಸಬೇಕಾಗಿತ್ತು. ಸಂಜೆ ಬಂದು ಕಾಫಿ ಕುಡಿಯುತ್ತಾ, "ಹಿಂದಿನ ಸಲಕ್ಕಿಂತ ನಮ್ಮ ತಾಲ್ಲೂಕು ಬೆಳೆದಿದೆ ಕಣಮ್ಮ, ಊರೂರೂ ಬೆಳೆದಿದೆ" ಎಂದು ನನಗೆ ಹೇಳುವರು. ಗಿಡ ನೆಟ್ಟು ಬೆಳೆಸಿದವರ ಹಾಗೆ ಹೇಳುವರು.

ನಮ್ಮ ಮನೆಯನ್ನು ಬರೆದುಕೊಳ್ಳಲು ಬಂದ ಮೇಷ್ಟ್ರು ಅಪ್ಪನಿಗೆ ಗೊತ್ತಿದ್ದವರೇ. ಜಗಲಿಯ ಮೇಲೆ ಕುಳಿತು ಹೆಸರು, ವಯಸ್ಸು, ಮಾತೃಭಾಷೆ ಎಲ್ಲ ಕೇಳಿ ಬರೆದುಕೊಂಡರು. ಅಮ್ಮನೂ ನಾನೂ ಬಾಗಿಲ ಹಿಂದೆ ನಿಂತಿದ್ದೆವು. ಆಮೇಲೆ ಅವರು ಸ್ವಲ್ಪ ತಡವರಿಸಿ, "ಈ ಸಲ ಇದೊಂದು ಹೊಸ ಪ್ರಶ್ನೆ ಕೊಟ್ಟಿದಾರೆ ಸ್ವಾಮಿ. ಮನೆಯವರಿಗೆ ಹುಟ್ಟಿದ ಮಕ್ಕಳೆಷ್ಟು, ಅದರಲ್ಲಿ ಈಗ ಇರೋರು ಎಷ್ಟು?" ಎಂದರು.

"ಇರೋರು ಆರು" ಎಂದರು ಅಪ್ಪ. ಅದು ಸರಿ, ನಾನು, ನನ್ನ ಕೆಳಗೆ ಐದು ಜನ. "ಹುಟ್ಟಿದ್ದು... ಎಂಟು ಅಂತ ಬರ್ಕೊಳ್ಳಿ."

"ಹನ್ನೊಂದು" ಎಂದಳು ಅಮ್ಮ.

ಪರಗಂಡಸಿನ ಮುಂದೆ ಅಮ್ಮನ ಧ್ವನಿ ಕೇಳಿದ್ದು ನಾನು ಅದೇ ಮೊದಲು. ಅಪ್ಪ ತಿರುಗಿ ಬಾಗಿಲ ಕಡೆ ನೋಡಿದರು. ಮೇಷ್ಟ್ರು ಕೈಯಲ್ಲಿದ್ದ ಲೇಖಣಿಯನ್ನು ಹಾಗೇ ಹಿಡಿದುಕೊಂಡಿದ್ದರು.

"ಮೂರಕ್ಕೆ ನಾಮಕರಣ ಆಗಲಿಲ್ಲ. ಅದಕ್ಕೇ ಅವರಿಗೆ ಜ್ಞಾಪಕ ಇಲ್ಲ" ಎಂದಳು ಅಮ್ಮ, ಬಾಗಿಲ ಹಲಗೆಗೆ ಹೇಳುವವಳ ಹಾಗೆ. "ಮೊದಲನೇದು ಹುಟ್ಟಿದಾಗ ನನಗೆ ಹದಿನಾಲ್ಕು ತುಂಬಿತ್ತು. ಅದನ್ನೂ ಕೇಳ್ತಾರಂತಲ್ಲ, ಬರ್ಕೊಳ್ಳಿ."

ಮನೆಯ ದೊಡ್ಡ ಮಗಳು ನಾನೇ ಎಂದು ತಿಳಿದುಕೊಂಡಿದ್ದೆ. ನನಗಿಂತ ಮುಂಚೆ ಇಬ್ಬರು ಹುಟ್ಟಿ ಹೋಗಿದ್ದರೆಂದು ಹದಿನೆಂಟು ವರ್ಷದ ಮೇಲೆ, ನನ್ನ ಮಗು ಹೊಟ್ಟೆಯಲ್ಲಿ ಹೊರಳುತ್ತಿರುವಾಗ ಗೊತ್ತಾಯಿತು. ಅಪ್ಪ ಆ ಸಂಜೆ ಪಟ್ಟಿಗಳ ಮಾತೆತ್ತಲಿಲ್ಲ.

ಎರಡು ಬಾಣಂತನಕ್ಕೆ ಒಬ್ಬರಾದರೂ ದೊಡ್ಡವರು ಬೇಕೆಂದು ಮುಳಬಾಗಿಲಿನಿಂದ ಅಮ್ಮಮ್ಮನನ್ನು, ಅಂದರೆ ಅಮ್ಮನ ತಾಯಿಯನ್ನು, ಕರೆಸಿದರು. ಮನೆಯಲ್ಲಿ ತೆಲುಗೇ ಆಡಿ ಬೆಳೆದ ಮುದುಕಿ. ನಮ್ಮಿಬ್ಬರನ್ನೂ ಅಕ್ಕಪಕ್ಕ ನೋಡಿದವಳೇ "ಅಯ್ಯೋ ದೇವುಡಾ" ಎಂದು ಹಣೆ ಚಚ್ಚಿಕೊಂಡಳು. ಬಯ್ದದ್ದು ಮಾತ್ರ ಅಮ್ಮನನ್ನೇ. "ಮೂವತ್ತೈದಾಯ್ತು ನಿನಗೆ. ಇನ್ನೂ ಸಾಕಾಗಲಿಲ್ವೇನೇ?"

"ನನ್ನ ಕೇಳ್ತೀಯಲ್ಲಮ್ಮ" ಎಂದಳು ಅಮ್ಮ. "ನಾನು ಯಾರನ್ನ ಕೇಳ್ಲಿ?"

ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ ನನಗೆ ಹೆಣ್ಣು ಮಗು ಹುಟ್ಟಿತು. ಬೆಳಿಗ್ಗೆ ನೋವು ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯಿತು. ಸೂಲಗಿತ್ತಿ ಮಗುವನ್ನು ಎತ್ತಿ ತೋರಿಸಿ, "ಗುಂಡುಗುಂಡಗಿದೆ ನೋಡವ್ವ" ಎಂದಳು. ತಲೆ ತುಂಬ ಕೂದಲು; ಅಳು ಬೀದಿಗೆ ಕೇಳಿಸುವಂತಿತ್ತು. ಅಮ್ಮ ತನ್ನ ಭಾರದ ಹೊಟ್ಟೆಯನ್ನು ಹೊತ್ತುಕೊಂಡೇ ನನಗೆ ನೀರು ಹುಯ್ದಳು, ಸಾಂಬ್ರಾಣಿ ಹಾಕಿದಳು, ಬೆಳ್ಳುಳ್ಳಿ ಹುರಿದು ತುಪ್ಪದಲ್ಲಿ ಕಲಸಿ ಅನ್ನ ಹಾಕಿದಳು. ಆ ನಲವತ್ತು ದಿನ ನಾನು ಸುಖವಾಗಿದ್ದೆ. ಈಗ ಅದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಇದ್ದೆ.

ಅಮ್ಮನಿಗೆ ನೋವು ಬಂದಾಗ ಮಾವಿನ ಸುಗ್ಗಿ. ಸೂಲಗಿತ್ತಿ ಬೆಳಗಿನಿಂದ ಕಾದು, ಹೊತ್ತು ಏರುತ್ತಿದ್ದಂತೆ ಹೊರಗೆ ಬಂದು ಅಪ್ಪನಿಗೆ, "ನನ್ ಕೈಲಾಗಲ್ಲ ಸ್ವಾಮಿ, ನೆತ್ರ ನಿಲ್ತಾ ಇಲ್ಲ. ಕೋಲಾರಕ್ಕೆ ಕರ್ಕೊಂಡೋಗಿ" ಎಂದಳು. ಕೋಲಾರದ ಬಸ್ಸು ಹೊರಡಲು ನಿಂತಿತ್ತು. ಹಿಂದಿನ ಸೀಟಿನ ತುಂಬ ಮಾವಿನ ಬುಟ್ಟಿ. ಅಪ್ಪ ಜೀವನದಲ್ಲಿ ಯಾರನ್ನೂ ಬೇಡಿದವರಲ್ಲ. ಅವತ್ತು ಡ್ರೈವರನ ಕೈ ಹಿಡಿದುಕೊಂಡರು. ಬುಟ್ಟಿಗಳನ್ನು ಇಳಿಸಿ ಅಮ್ಮನನ್ನು ಆ ಸೀಟಿನ ಮೇಲೆ ಮಲಗಿಸಿದರು. ಅಮ್ಮಮ್ಮ ಮಕ್ಕಳನ್ನು ನೋಡಿಕೊಳ್ಳಲು ಉಳಿದಳು. ನಾನು ನನ್ನ ಮಗುವನ್ನು ಎತ್ತಿಕೊಂಡು ಅಮ್ಮನ ತಲೆಯ ಹತ್ತಿರ ಕುಳಿತೆ. ದಾರಿಯುದ್ದಕ್ಕೂ ಹಣ್ಣಿನ ವಾಸನೆಯೂ ರಕ್ತದ ವಾಸನೆಯೂ ಸೇರಿ ಬರುತ್ತಿತ್ತು. ಅಪ್ಪ ಒಂದು ಸಲವೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿಗೆ ಕಾಲಿಡಲು ಜಾಗವಿರಲಿಲ್ಲ. ಮಂಚಗಳೆಲ್ಲ ತುಂಬಿ ಮಂಚದ ಕೆಳಗೂ ಬಾಣಂತಿಯರು ಮಲಗಿದ್ದರು. ಮಾಲೂರು, ಮುಳಬಾಗಿಲು, ಎಲ್ಲೆಲ್ಲಿಂದಲೋ ಬಂದವರು. ಅರ್ಧ ಜನ ತೆಲುಗಿನಲ್ಲಿ, ಅರ್ಧ ಜನ ಕನ್ನಡದಲ್ಲಿ ನರಳುತ್ತಿದ್ದರು. ಅಮ್ಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಹೊರಗೆ ಗೋಡೆಗೊರಗಿ ಮಗುವಿಗೆ ಹಾಲು ಕೊಡುತ್ತಾ ಕುಳಿತೆ. ಸಂಜೆಯ ಹೊತ್ತಿಗೆ ಗಂಡು ಮಗುವಾಯಿತು. ಸಣ್ಣದು, ಬೆಕ್ಕಿನ ಮರಿಯಷ್ಟು. ಅಮ್ಮ ಬದುಕಿದಳು, ಆದರೆ ಅವಳ ಮುಖದಲ್ಲಿ ಬಣ್ಣವೆಂಬುದೇ ಇರಲಿಲ್ಲ.

ಡಾಕ್ಟರಮ್ಮ ನಡುವಯಸ್ಸಿನವರು, ಬಹಳ ದಣಿದಿದ್ದರು. ಅಪ್ಪನನ್ನು ಕರೆದು ನನ್ನ ಎದುರಿಗೇ ಹೇಳಿದರು:

"ಇನ್ನೊಂದು ಸಲ ಬಸುರಾದ್ರೆ ಈಯಮ್ಮ ಉಳಿಯಲ್ಲ. ಸುಮ್ನೆ ಹೆದರಿಸ್ತಿಲ್ಲ ನಾನು. ಸ್ವಲ್ಪ ಚೇತರಿಸ್ಕೊಂಡ ಮೇಲೆ ಬೆಂಗಳೂರಿಗೆ ಕರ್ಕೊಂಡು ಹೋಗಿ. ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡ್ತಾರೆ, ಮತ್ತೆ ಮಕ್ಕಳಾಗೋದಿಲ್ಲ. ನಾನು ಚೀಟಿ ಕೊಡ್ತೀನಿ. ಆದ್ರೆ ಗಂಡ ಒಪ್ಪಿದೀನಿ ಅಂತ ನೀವು ಬರ್ಕೊಡಬೇಕು."

ಅಪ್ಪ ನೆಲ ನೋಡಿಕೊಂಡು, "ಆಗ್ಲಿ, ನೋಡೋಣ" ಎಂದರು. ನಾಲ್ಕು ಜನರ ಮುಂದೆ ಅಂಥ ಮಾತು ಕೇಳಬೇಕಾಯಿತಲ್ಲ ಎಂದು ಅವರ ಕಿವಿ ಕೆಂಪಾಗಿತ್ತು. ಚೀಟಿಯನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು. ಊರಿಗೆ ಬಂದ ಮೇಲೆ ಅದರ ಸುದ್ದಿಯೇ ಇಲ್ಲ. ಅಮ್ಮ ಎರಡು ಸಲ ನನ್ನ ಕೈಲಿ ಕೇಳಿಸಿದಳು. ಮೊದಲನೇ ಸಲ, "ಮೊದಲು ಎದ್ದು ಓಡಾಡಲಿ" ಎಂದರು. ಎರಡನೇ ಸಲ, "ಹೊಟ್ಟೆ ಕೊಯ್ಯಿಸೋದು ಅಂದ್ರೇನು ಅಂತ ಗೊತ್ತೇನಮ್ಮ ನಿನಗೆ?" ಎಂದು ರೇಗಿದರು. ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಅಮ್ಮನಿಗೆ ಹಾಲು ಬರಲಿಲ್ಲ. ಅಮ್ಮಮ್ಮ ಏನೇನು ಮಾಡಬೇಕೋ ಎಲ್ಲ ಮಾಡಿದಳು. ಮೆಂತ್ಯದ ಗಂಜಿ, ಸಬ್ಬಸಿಗೆ, ಬೆಳ್ಳುಳ್ಳಿ, ಕೊನೆಗೆ ಕುರುಡುಮಲೆ ಗಣಪನಿಗೆ ಹರಕೆ. ಮೈಯಲ್ಲಿ ರಕ್ತವೇ ಇಲ್ಲದವಳಿಗೆ ಹಾಲೆಲ್ಲಿಂದ ಬರಬೇಕು? ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹುಯ್ದರೆ ಮಗುವಿಗೆ ಭೇದಿ ಹತ್ತಿಕೊಂಡಿತು. ಹದಿನೈದನೆಯ ದಿನ ಅಮ್ಮಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮಡಿಲಲ್ಲಿಟ್ಟಳು.

"ನಿನ್ನ ತಮ್ಮ ಕಣಮ್ಮಾ" ಎಂದಳು.

ನನಗೆ ಸಂಕೋಚವೆನಿಸಿತು. ಆದರೆ ಅದು ಬಾಯಿ ಹಾಕಿದ ತಕ್ಷಣ ಸಂಕೋಚ ಹೋಯಿತು. ಅಷ್ಟು ಸಣ್ಣ ದವಡೆ, ಅಷ್ಟು ಜೋರಾಗಿ ಎಳೆಯುತ್ತಿತ್ತು. ಅಮ್ಮ ಮೂಲೆಯ ಹಾಸಿಗೆಯಿಂದ ನೋಡುತ್ತಾ ಮಲಗಿದ್ದಳು. ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

ಮೊದಮೊದಲು ಇಬ್ಬರಿಗೂ ಸಾಕಾಗುತ್ತಿತ್ತು. ಅಥವಾ ಸಾಕಾಗುತ್ತಿದೆ ಎಂದುಕೊಂಡೆವು. ತಮ್ಮ ಬಡಕಲು, ಅವನಿಗೆ ಮೊದಲು ಎಂದಾಯಿತು. ಹಾಗೆಂದು ಯಾರೂ ಕುಳಿತು ತೀರ್ಮಾನ ಮಾಡಲಿಲ್ಲ. ಅವನು ಅತ್ತರೆ ಅಮ್ಮಮ್ಮ ತಂದುಕೊಡುವಳು, ನಾನು ತೆಗೆದುಕೊಳ್ಳುವೆನು. ನನ್ನ ಮಗಳು ಗಟ್ಟಿಮುಟ್ಟಾಗಿದ್ದಳು, ಸ್ವಲ್ಪ ಹೊತ್ತು ಬೆರಳು ಚೀಪಿಕೊಂಡು ಕಾಯುತ್ತಿದ್ದಳು. ಕಾಯುತ್ತಿದ್ದುದರಿಂದಲೇ ಅವಳನ್ನು ಕಾಯಿಸಿದೆವು. ಅವಳ ಪಾಲಿಗೆ ಬರುವ ಹೊತ್ತಿಗೆ ನನ್ನಲ್ಲಿ ಹೆಚ್ಚು ಉಳಿದಿರುತ್ತಿರಲಿಲ್ಲ. ರಾಗಿ ಸರಿ ಮಾಡಿ ಉಣಿಸಿದೆ. ತಿಂದಳು. ಆದರೆ ಕಂಕುಳಲ್ಲಿ ಎತ್ತಿಕೊಂಡಾಗ ಮೊದಲಿನ ಭಾರವಿರಲಿಲ್ಲ.

ಮಗುವಿಗೆ ಐದನೇ ತಿಂಗಳಾದಾಗ ಯಜಮಾನರು ನನ್ನನ್ನು ಕರೆದುಕೊಂಡು ಹೋಗಲು ಮಾಲೂರಿನಿಂದ ಬಂದರು. ಅವರು ಅಲ್ಲಿ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು, ಮೆದು ಮಾತಿನವರು. ಮಗುವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ನಾಮಕರಣದಲ್ಲಿ ನೋಡಿದಾಗ ಹೀಗಿರಲಿಲ್ಲವಲ್ಲ ಇವಳು. ಯಾಕೆ ಹೀಗಾಗಿದಾಳೆ?"

"ಬಿಸಿಲು ಹೆಚ್ಚಾಗಿತ್ತು ಈ ಸಲ" ಎಂದೆ.

"ಹೊರಡ್ತೀಯಲ್ಲ ನಾಳೆ?"

ನಾನು ಒಳಕ್ಕೆ ನೋಡಿದೆ. ಅಮ್ಮ ಗೋಡೆ ಹಿಡಿದುಕೊಂಡು ನಿಂತಿದ್ದಳು. ಕಂಬದ ಹತ್ತಿರ ಅಮ್ಮಮ್ಮ, ಅವಳ ತೊಡೆಯ ಮೇಲೆ ತಮ್ಮ. ಯಾರೂ ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ.

"ಇನ್ನೊಂದು ತಿಂಗಳು ಇರ್ತೀನಿ" ಎಂದೆ. "ನಾನು ಹೋದ್ರೆ ತಮ್ಮ ಉಳಿಯಲ್ಲ."

ಅವರು ಮಗಳ ತಲೆ ಸವರಿ, "ನೀನು ಹೇಗೆ ಅಂತೀಯೋ ಹಾಗೆ" ಎಂದು ಮಾರನೇ ದಿನ ಒಬ್ಬರೇ ಹೊರಟುಹೋದರು. ಅವರು ಒಂದು ಸಲ ಗದರಿದ್ದರೆ ನಾನು ಹೊರಡುತ್ತಿದ್ದೆನೇನೋ. ಈ ಮಾತನ್ನು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ತಪ್ಪನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಇರುತ್ತೇನೆಂದು ಹೇಳಿದವಳು ನಾನು.

ಮೂರು ವಾರ ಕಳೆಯಿತು. ಮಳೆ ಹಿಡಿದಿತ್ತು, ಬೀದಿಯಲ್ಲಿ ಮಕ್ಕಳಿಗೆಲ್ಲ ವಾಂತಿಭೇದಿ. ನಮ್ಮ ಮನೆಯಲ್ಲಿ ಮೂವರಿಗೆ ಬಂತು. ದೊಡ್ಡ ಹುಡುಗರಿಬ್ಬರು ಎರಡು ದಿನ ಮಲಗಿ ಎದ್ದರು. ನನ್ನ ಮಗಳು ಏಳಲಿಲ್ಲ. ಮೊದಲನೇ ದಿನ ಅತ್ತಳು, ಎರಡನೇ ದಿನ ಅಳುವುದಕ್ಕೂ ಆಗದೆ ಬರೀ ನೋಡುತ್ತಿದ್ದಳು. ಅವತ್ತು ನಾನು ತಮ್ಮನನ್ನು ಹತ್ತಿರ ಬಿಡಲಿಲ್ಲ. ಎದೆಯಲ್ಲಿದ್ದ ಹಾಲನ್ನೆಲ್ಲ ಅವಳ ಬಾಯಿಗೆ ಹಿಂಡಿದೆ. ಕಟವಾಯಿಂದ ಹರಿದುಹೋಯಿತು. ಮೂರನೇ ದಿನ ಬೆಳಿಗ್ಗೆ ಬಿಸಿಲು ಬಂದಿತ್ತು. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ಕುಳಿತಿದ್ದೆ. ಅಮ್ಮಮ್ಮ ಬಗ್ಗಿ ನೋಡಿ, ಮಗುವಿನ ಕಣ್ಣಿನ ಮೇಲೆ ಕೈ ಎಳೆದಳು. ಆಗ ಗೊತ್ತಾಯಿತು ನನಗೆ.

ಅವಳನ್ನು ಮಣ್ಣು ಮಾಡಿ ಬಂದ ಗಂಡಸರು ಸ್ನಾನ ಮಾಡಿಕೊಂಡರು. ಮಧ್ಯಾಹ್ನಕ್ಕೆ ನನ್ನ ಎದೆ ಕಟ್ಟಿಕೊಂಡು ಕಲ್ಲಾಯಿತು. ಒಳಗೆ ತಮ್ಮ ಅಳುತ್ತಿದ್ದ. ಯಾರೂ ಅವನನ್ನು ತಂದುಕೊಡಲಿಲ್ಲ. ಬಹಳ ಹೊತ್ತು ಅಳುವುದನ್ನು ಕೇಳುತ್ತಾ ಕುಳಿತೆ. ಅಳಲಿ ಎನಿಸಿತು. ಸತ್ತರೆ ಸಾಯಲಿ ಎಂದೂ ಅನಿಸಿತು; ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ನಾನೇ ಎದ್ದು ಹೋಗಿ ಎತ್ತಿಕೊಂಡೆ. ಕುಡಿಸುವಾಗ ಅವನ ಮುಖ ನೋಡಲಿಲ್ಲ, ಗೋಡೆ ನೋಡಿದೆ.

ಮಾರನೇ ದಿನ ಅಪ್ಪ ಪುರಸಭೆಗೆ ಹೋಗಿ ಮಗು ಹೋದದ್ದನ್ನು ಬರೆಸಿ ಬಂದರು. ಹಿಂದೆ ತಮ್ಮ ಮಕ್ಕಳು ಹೋದಾಗ ಅವರು ಹೋದವರಲ್ಲ. ಕಚೇರಿಯ ಜವಾನನಿಗೆ ಹೇಳಿಬಿಡುತ್ತಿದ್ದರಂತೆ. ಈ ಸಲ ಯಾಕೆ ತಾವೇ ಹೋದರೋ. ಅಲ್ಲಿಯ ಗುಮಾಸ್ತ ವಯಸ್ಸು ಕೇಳಿದಾಗ ಇವರು ಎದುರಿನ ಬೆಂಚಿನ ಮೇಲೆ ಕುಳಿತುಬಿಟ್ಟರಂತೆ. ಇದನ್ನು ಆ ಗುಮಾಸ್ತನ ಹೆಂಡತಿ ನಮ್ಮ ಅಮ್ಮಮ್ಮನಿಗೆ ಹೇಳಿದ್ದು. ಮನೆಗೆ ಬಂದವರು ಅಂಗಿಯನ್ನೂ ಬಿಚ್ಚದೆ ಮೇಜಿನ ಮುಂದೆ ಕುಳಿತು ಬರೆದರು. ಬರೆದದ್ದನ್ನು ತಂದು ಅಮ್ಮನ ಹಾಸಿಗೆಯ ಪಕ್ಕದಲ್ಲಿಟ್ಟು, "ಒಪ್ಪಿದೀನಿ ಅಂತ ಬರೆದಿದೀನಿ. ಹೋಗಿ ಬಾ" ಎಂದರು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ನನಗೆ ಕೊಟ್ಟಳು. ಕಚೇರಿಯ ಕಾಗದಪತ್ರದ ಭಾಷೆಯಲ್ಲೇ ಬರೆದಿದ್ದರು, ಕೆಳಗೆ ರುಜು.

ಅವಳು ಪ್ರಯಾಣ ಮಾಡುವಷ್ಟಾಗಲು ಇನ್ನೂ ಒಂದೂವರೆ ತಿಂಗಳು ಬೇಕಾಯಿತು. ಮಾಲೂರಿಗೆ ಹೋಗಿ ಅಲ್ಲಿಂದ ಯಜಮಾನರ ಜೊತೆ ಬೆಂಗಳೂರಿನ ರೈಲು ಹತ್ತಿದೆವು. ಹಾಲು ಕುಡಿಯುವ ತಮ್ಮನೂ ನನ್ನ ಸೊಂಟದ ಮೇಲಿದ್ದ. ಡಬ್ಬಿಯಲ್ಲಿ ನಿಲ್ಲಲು ಜಾಗವಿಲ್ಲ. ಸಿಪಾಯಿಗಳು, ಗಂಟುಮೂಟೆ ಕಟ್ಟಿಕೊಂಡ ಸಂಸಾರಗಳು. ಮಾತು ಕೇಳಿದರೆ ಎಲ್ಲ ನಮ್ಮ ಸೀಮೆಯವರೇ. ಒಬ್ಬಾಕೆ ನಾಲ್ಕು ಮಕ್ಕಳ ಮಧ್ಯೆ ನೆಲದ ಮೇಲೆ ಕುಳಿತಿದ್ದಳು. ಅವಳು, "ಮಿಲ್ಲಲ್ಲಿ ಕೆಲಸ ಸಿಕ್ತಂತೆ ಇವರಿಗೆ, ಇರೋಕೆ ಮನೆ ಇನ್ನೂ ಸಿಕ್ಕಿಲ್ಲ" ಎಂದಳು. ನಾವು ಇಳಿದುಕೊಂಡದ್ದು ಯಜಮಾನರ ದೊಡ್ಡಮ್ಮನ ಮಗನ ವಠಾರದಲ್ಲಿ. ಒಂದೇ ಕೋಣೆ, ಅದರಲ್ಲಿ ಆಗಲೇ ಎಂಟು ಜನ. ನಮಗೋಸ್ಕರ ಗಂಡಸರು ಜಗಲಿಯಲ್ಲಿ ಮಲಗಿದರು. ಅಂಗಳದ ಒಂದೇ ನಲ್ಲಿಗೆ ಹತ್ತು ಮನೆಯ ಕೊಡಗಳು ಸಾಲಾಗಿ ಕುಳಿತಿರುತ್ತಿದ್ದವು. ಆ ಮನೆಯಾಕೆಗೂ ಆಗ ಐದು ತಿಂಗಳು.

ಅಲ್ಲಿಯ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಚೀಟಿ ಓದಿ, ಅಪ್ಪನ ಕಾಗದ ಓದಿ, ಅಮ್ಮನ ಕಣ್ಣಿನ ರೆಪ್ಪೆ ಎಳೆದು ನೋಡಿದರು. "ರಕ್ತ ಕಡಿಮೆ ಇದೆ. ಅಪಾಯ ಇಲ್ಲ ಅಂತ ನಾನು ಹೇಳಲ್ಲ" ಎಂದರು.

"ಮನೆಗೆ ಹೋದರೂ ಅಪಾಯಾನೇ ಅಮ್ಮ" ಎಂದಳು ಅಮ್ಮ. "ಇಲ್ಲೇ ಆಗಲಿ."

ಆಮೇಲೆ ಅವರು ನನ್ನ ಸೊಂಟದ ಮೇಲಿದ್ದವನ ಕೆನ್ನೆ ಮುಟ್ಟಿ, "ನಿನ್ನ ಮಗೂನಾ?" ಎಂದರು. "ತಮ್ಮ" ಎಂದೆ. ಅವರು ನನ್ನ ಕುಪ್ಪಸದ ಒದ್ದೆಯನ್ನು ನೋಡಿದರು, ಅಮ್ಮನನ್ನು ನೋಡಿದರು.

ಅಮ್ಮ ಉಳಿದಳು. ಮೂರು ವಾರ ಆಸ್ಪತ್ರೆಯಲ್ಲಿದ್ದು, ಹೊಟ್ಟೆಗೆ ಪಟ್ಟಿ ಕಟ್ಟಿಸಿಕೊಂಡು ಶ್ರೀನಿವಾಸಪುರಕ್ಕೆ ಬಂದಳು. ತಮ್ಮನಿಗೆ ವರ್ಷ ತುಂಬುವವರೆಗೂ ಅವನು ನನ್ನ ಹತ್ತಿರವೇ ಮಾಲೂರಿನಲ್ಲಿ ಬೆಳೆದ. ಕಳಿಸಿಕೊಡುವ ದಿನ ನನ್ನ ಸೆರಗು ಬಿಡಲೊಲ್ಲದೆ ಕಿರುಚಿದ. ಅವನ ಮೇಲೆ ನನಗಿದ್ದದ್ದು ಪ್ರೀತಿಯೋ ಇನ್ನೇನೋ, ಆಗ ನನಗೆ ತಿಳಿಯುತ್ತಿರಲಿಲ್ಲ. ಬಸ್ಸು ಹೋದ ಮೇಲೆ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಯಾರಿಗೋಸ್ಕರ ಅಳುತ್ತಿದ್ದೇನೆಂದೂ ತಿಳಿಯಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ನನಗೆ ಗಂಡು ಮಗುವಾಯಿತು. ಈ ಸಲ ತೌರಿಗೆ ಹೋಗುವುದಿಲ್ಲ ಎಂದುಬಿಟ್ಟೆ. ಅಮ್ಮನೇ ಮಾಲೂರಿಗೆ ಬಂದಳು. ಆ ನಾಲ್ಕು ವರ್ಷದಲ್ಲಿ ಅವಳ ಮುಖ ತುಂಬಿಕೊಂಡಿತ್ತು, ನಡಿಗೆಯಲ್ಲಿ ಬಲವಿತ್ತು. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ನನಗೆ ನೀರು ಹುಯ್ಯುತ್ತಿದ್ದವಳು ಚೊಂಬನ್ನು ಹಂಡೆಯ ಅಂಚಿನ ಮೇಲಿಟ್ಟು ನಿಂತುಬಿಟ್ಟಳು.

"ಅವತ್ತು ನಾನು ಒಂದು ಮಾತು ಹೇಳಬೇಕಾಗಿತ್ತು ಕಣೇ."

"ಯಾವತ್ತು?"

"ಅಳಿಯಂದಿರು ಕರ್ಕೊಂಡು ಹೋಗೋಕೆ ಬಂದಿದ್ರಲ್ಲ, ಅವತ್ತು. ಹೊರಡು ಅನ್ನಬೇಕಾಗಿತ್ತು. ಮಗು ಸೊರಗ್ತಿದೆ ಅಂತ ನನಗೆ ಗೊತ್ತಿತ್ತು. ನಿನಗಿಂತ ಮೊದಲೇ ಗೊತ್ತಿತ್ತು, ನಾನೆಷ್ಟು ಕಂಡಿಲ್ಲ. ಆದ್ರೂ ನಂದು ಇದೊಂದು ಉಳೀಲಿ ಅಂತ ಬಾಯಿ ಮುಚ್ಕೊಂಡು ನಿಂತ್ಕೊಂಡೆ."

ಹಬೆಯಲ್ಲಿ ಅವಳ ಮುಖ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹೋಗಲಿ ಬಿಡಮ್ಮ ಎನ್ನಬಹುದಾಗಿತ್ತು. ಅವಳೂ ಅದನ್ನೇ ಕಾಯುತ್ತಿದ್ದಳೋ ಏನೋ. ನನ್ನ ಬಾಯಿಂದ ಬರಲಿಲ್ಲ. "ನೀರು ಆರುತ್ತೆ, ಹುಯ್ಯಮ್ಮ" ಎಂದೆ. ಅವಳು ಚೊಂಬು ತೆಗೆದುಕೊಂಡು ಮತ್ತೆ ಹುಯ್ಯತೊಡಗಿದಳು, ಬೆನ್ನು ಉಜ್ಜಿದಳು, ತಲೆಗೆ ಬಟ್ಟೆ ಸುತ್ತಿದಳು. ಮೂರು ತಿಂಗಳು ಇದ್ದು ಬಾಣಂತನ ಮುಗಿಸಿಕೊಟ್ಟು ಹೋದಳು. ಆ ಮಾತನ್ನು ಅವಳು ಇನ್ನೊಮ್ಮೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.